ಮೊಣಕಾಲುದ್ದದ ನೀರಿಗೆ ಮೀನು ಬರುವ ಹೊತ್ತು

(ಬೆಂಗಳೂರಿನ ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ನೀಡಿದ ಉಪನ್ಯಾಸದ ಬರಹ ರೂಪ. ಸಮಯದ ಅಭಾವದಿಂದ ಅಂದು ಹೇಳಲಾಗದ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಮುದ್ರದ ಮೀನು ಎಂದ ಕೂಡಲೇ ನಮಗೆ ನೆನಪಾಗುವುದು ಆಳ. ಮಲ್ಪೆಯಿಂದಲೋ ಕಾರವಾರದಿಂದಲೋ ಹೊರಟ ಬೋಟು, ರಾಶಿ ಬಲೆ, ಮಂಜುಗಡ್ಡೆ ತುಂಬಿದ ಪೆಟ್ಟಿಗೆ. ಇಂದು ನಾನು ಹೇಳಲಿರುವ ಮೀನು ಮೇಯುವುದು ಮೊಣಕಾಲು ಮುಳುಗದಷ್ಟು ನೀರಿನಲ್ಲಿ. ಕೆಲವೊಮ್ಮೆ ಬೆನ್ನು ಹೊರಗೆ ಕಾಣುವಷ್ಟು ತೆಳು ನೀರಿಗೂ ಅದು ನುಗ್ಗುತ್ತದೆ. ಹಾಗೆ ಬರುವುದು ದಿನಕ್ಕೆ ಕೆಲವೇ ಗಂಟೆ, ಅದೂ ವರ್ಷದ ಕೆಲವು ತಿಂಗಳುಗಳಲ್ಲಿ ಹೆಚ್ಚು. ಅದರ ಹೆಸರು ಬೋನ್‌ಫಿಶ್. ಅದನ್ನು ಫ್ಲೈ ಎಂಬ ಕೃತಕ ಮೇವು ಕಟ್ಟಿದ ಗಾಳದಲ್ಲಿ ಹಿಡಿದು ಮತ್ತೆ ನೀರಿಗೆ ಬಿಡುವ ಕಲೆಯ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿದಾಗ, ಗಾಳದ ಬಗ್ಗೆ ಸ್ವಲ್ಪ ಹೇಳುತ್ತೇನೆ, ಕಾಲದ ಬಗ್ಗೆ ಹೆಚ್ಚು ಹೇಳುತ್ತೇನೆ ಎಂದು ಒಪ್ಪಿಕೊಂಡೆ. ಸಲಕರಣೆಯನ್ನು ದುಡ್ಡು ಕೊಟ್ಟು ತರಬಹುದು, ಎಸೆತವನ್ನು ಅಭ್ಯಾಸದಿಂದ ಕಲಿಯಬಹುದು. ನೀರು, ಚಂದ್ರ, ಗಾಳಿ, ಬಿಸಿಲು ನಾಲ್ಕೂ ಕೂಡಿಬರುವ ಹೊತ್ತನ್ನು ಮಾತ್ರ ಕಾದು ತಿಳಿಯಬೇಕು. ಯಾವಾಗ ಗಾಳ ಹಾಕಬಾರದು ಎಂಬುದೂ ಅದೇ ತಿಳಿವಳಿಕೆಯಿಂದಲೇ ಬರುತ್ತದೆ. ನನಗೆ ಮುಖ್ಯವಾದ ಮಾತು ಅದು.

ಮೊದಲು ಜಾಗ. ಉಷ್ಣವಲಯದ ದ್ವೀಪಗಳ ಸುತ್ತ, ಹವಳದ ದಿಬ್ಬಕ್ಕೂ ದಡಕ್ಕೂ ನಡುವೆ ಮೈಲಿಗಟ್ಟಲೆ ಹರಡಿಕೊಂಡ ಮಟ್ಟಸವಾದ ತಳಕ್ಕೆ ಫ್ಲಾಟ್ಸ್ ಎನ್ನುತ್ತಾರೆ. ಒಂದು ಕಡೆ ಬಿಳಿ ಮರಳು, ಇನ್ನೊಂದು ಕಡೆ ಸುಣ್ಣದ ಕೆಸರು, ನಡುನಡುವೆ ಕಡಲಹುಲ್ಲಿನ ಹಸಿರು, ಅಂಚಿನಲ್ಲಿ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡಗಳು. ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಕೆಸರಿಗಿಳಿದು ಬಳಚು ಆರಿಸುವವರನ್ನು ನೋಡಿದ್ದರೆ, ಇಂಥ ಜಾಗದಲ್ಲಿ ಎಷ್ಟು ಅನ್ನವಿದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಏಡಿ, ಸಿಗಡಿ, ಹುಳು, ಚಿಪ್ಪುಜೀವಿಗಳೆಲ್ಲ ಆ ಒಂದು ಗೇಣು ಮಣ್ಣಿನಲ್ಲೇ ಅಡಗಿರುತ್ತವೆ. ಉಬ್ಬರದ ನೀರು ಏರಿದಂತೆ ಬೋನ್‌ಫಿಶ್ ಗುಂಪು ಗೋಮಾಳಕ್ಕೆ ಬಿಟ್ಟ ದನದ ಹಾಗೆ ಮೇಯುತ್ತ ಮೇಲಕ್ಕೆ ಬರುತ್ತದೆ. ನೀರು ಇಳಿಯತೊಡಗಿದರೆ ಕಾಲುವೆಗಳ ಮೂಲಕ ಆಳಕ್ಕೆ ಮರಳುತ್ತದೆ.

ಈ ಮೀನಿನ ದೇಹವೆಲ್ಲ ಆ ಮೇವಿಗೆ ತಕ್ಕಂತಿದೆ. ಮೂತಿ ಮುಂದಕ್ಕೆ ಚಾಚಿದೆ, ಬಾಯಿ ಅದರ ಕೆಳಗಿದೆ. ನಾಲಿಗೆಯ ಮೇಲೂ ಅಂಗುಳಿನಲ್ಲೂ ಚಿಪ್ಪು ಪುಡಿಮಾಡುವ ಗುಂಡು ಹಲ್ಲುಗಳ ಹಾಸು. ಕಣ್ಣಿನ ಮೇಲೆ ಪಾರದರ್ಶಕ ಪೊರೆ. ಸಾಮಾನ್ಯವಾಗಿ 1ರಿಂದ 3 ಕಿಲೋ ತೂಗುತ್ತದೆ. ಪಕ್ಕೆಗಳ ಹುರುಪೆ ಎಷ್ಟು ನುಣುಪೆಂದರೆ, ತಳದ ಬಣ್ಣವನ್ನೇ ಪ್ರತಿಫಲಿಸಿ ಮೀನನ್ನು ಇಲ್ಲವಾಗಿಸುತ್ತದೆ. ಒಂದು ಕಾಲದಲ್ಲಿ ಪ್ರಪಂಚದ ಬೋನ್‌ಫಿಶ್ ಎಲ್ಲವನ್ನೂ ಆಲ್ಬುಲಾ ವಲ್ಪೀಸ್ ಎಂಬ ಒಂದೇ ಪ್ರಭೇದವೆಂದು ಎಣಿಸಿದ್ದರು. ವಂಶವಾಹಿ ಪರೀಕ್ಷೆ ಬಂದ ಮೇಲೆ ಆ ಎಣಿಕೆ ಕುಸಿಯಿತು. ಈಗ ಹನ್ನೆರಡರ ಆಸುಪಾಸು ಪ್ರಭೇದಗಳ ಮಾತಾಡುತ್ತಾರೆ. ಕೆರಿಬಿಯನ್ ಕಡೆಯದು ವಲ್ಪೀಸ್, ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ದ್ವೀಪಗಳ ಫ್ಲಾಟ್ಸ್‌ನಲ್ಲಿ ಹೆಚ್ಚಾಗಿ ಸಿಗುವುದು ಗ್ಲಾಸೋಡಾಂಟಾ. ಮೊದಲನೆಯದು ಅಪಾಯದ ಅಂಚಿನಲ್ಲಿದೆ, ಎರಡನೆಯದು ಅದಕ್ಕಿಂತ ಒಂದು ಮೆಟ್ಟಿಲು ಹೆಚ್ಚು ಅಪಾಯದಲ್ಲಿದೆ ಎಂದು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿ ಹೇಳುತ್ತದೆ.

ಇನ್ನು ಕಾಲ. ನಿಮ್ಮ ಮನೆಯ ಗೋಡೆಯಲ್ಲಿ ಪಂಚಾಂಗದ ಕ್ಯಾಲೆಂಡರ್ ಇದ್ದರೆ ಅರ್ಧ ಕೆಲಸ ಆಯಿತು. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ ಉಬ್ಬರ ದೊಡ್ಡದು, ಅಷ್ಟಮಿಯ ಆಸುಪಾಸಿನಲ್ಲಿ ಚಿಕ್ಕದು. ದೊಡ್ಡ ಉಬ್ಬರಕ್ಕೆ ಮೀನು ಕಾಂಡ್ಲಾ ಬೇರುಗಳ ಒಳಗೆ ತನಕ ನುಗ್ಗಿ ಕಣ್ಣಿಗೆ ಸಿಗದೆ ಹೋಗುತ್ತದೆ. ಚಿಕ್ಕ ಉಬ್ಬರಕ್ಕೆ ಕೆಲವು ಫ್ಲಾಟ್ಸ್‌ಗೆ ನೀರೇ ಏರುವುದಿಲ್ಲ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಸರಿಯುತ್ತದೆ. ಇವತ್ತು ಬೆಳಿಗ್ಗೆ 7ಕ್ಕೆ ಏರಲು ತೊಡಗಿದ ನೀರು ನಾಳೆ 8ರ ಹತ್ತಿರಕ್ಕೆ ಏರುತ್ತದೆ. ಹೀಗೆ ಸರಿಯುತ್ತ ಸರಿಯುತ್ತ, ನೀರು ಏರುವ ಹೊತ್ತೂ ಸೂರ್ಯ ತಲೆಯ ಮೇಲೆ ಬರುವ ಹೊತ್ತೂ ಒಂದಾಗುವ ದಿನಗಳು ಬರುತ್ತವೆ. ಬಿಸಿಲು ಏಕೆ ಬೇಕೆಂದರೆ, ಇದು ಕಣ್ಣಿಗೆ ಕಂಡ ಮೇಲೆ ಗಾಳ ಎಸೆದು ಹಿಡಿಯುವ ಮೀನು. ಕುರುಡಾಗಿ ಎಸೆದು ಕಾಯುವ ಪದ್ಧತಿ ಇಲ್ಲಿಲ್ಲ. ಮೋಡ ಕವಿದರೆ ನೀರಿನ ಮೇಲ್ಮೈ ಬೆಳ್ಳಗಾಗಿ ಒಳಗಿನದು ಏನೂ ಕಾಣುವುದಿಲ್ಲ.

ಅಮೆರಿಕದ ಫ್ಲಾರಿಡಾದ ಆಚೆಯ ದ್ವೀಪದೇಶ ಬಹಾಮಾಸ್‌ನಲ್ಲಿ ಒಳ್ಳೆಯ ತಿಂಗಳುಗಳು ಮಾರ್ಚ್‌ನಿಂದ ಜೂನ್, ಆಮೇಲೆ ಅಕ್ಟೋಬರ್–ನವೆಂಬರ್. ನಡುವಿನ ಚಳಿಗಾಲದಲ್ಲಿ ಉತ್ತರ ಅಮೆರಿಕದಿಂದ ತಣ್ಣನೆಯ ಗಾಳಿಯ ಅಲೆಗಳು ಇಳಿಯುತ್ತವೆ. ನೀರು 20 ಡಿಗ್ರಿಗಿಂತ ಕೆಳಗೆ ಹೋಯಿತೆಂದರೆ ಮೀನು ಫ್ಲಾಟ್ಸ್ ಬಿಟ್ಟು ಆಳದ ಬೆಚ್ಚನೆಯ ನೀರಿಗೆ ಸರಿಯುತ್ತದೆ. ಸರಿಯಲು ಸಮಯ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ 2010ರ ಜನವರಿಯ ಫ್ಲಾರಿಡಾ ಸಾಕ್ಷಿ: ಅಲ್ಲಿನ ಅನಿರೀಕ್ಷಿತ ಚಳಿಗೆ ಬೋನ್‌ಫಿಶ್, ಟಾರ್ಪನ್, ಸ್ನೂಕ್ ಮೀನುಗಳು ಲೆಕ್ಕವಿಲ್ಲದಷ್ಟು ಸತ್ತು ತೇಲಿದವು. ಕಡುಬೇಸಿಗೆಯದು ಇನ್ನೊಂದು ಕಷ್ಟ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ; ಅಂಥ ಮಧ್ಯಾಹ್ನ ಹಿಡಿದ ಮೀನು ಬಿಟ್ಟ ಮೇಲೂ ಚೇತರಿಸಿಕೊಳ್ಳಲು ಒದ್ದಾಡುತ್ತದೆ.

ಹಿಂದೂ ಮಹಾಸಾಗರದ ದ್ವೀಪದೇಶ ಸೀಶೆಲ್ಸ್‌ನ ಲೆಕ್ಕ ಬೇರೆ, ಮತ್ತು ಅದು ನಮಗೆ ಹತ್ತಿರದ್ದು. ಅಲ್ಫಾನ್ಸ್, ಸೇಂಟ್ ಫ್ರಾನ್ಸ್ವಾ ಹವಳದ ದ್ವೀಪಗಳಲ್ಲಿ ಗಾಳ ಹಾಕುವ ಕಾಲ ಅಕ್ಟೋಬರ್‌ನಿಂದ ಮೇ ತನಕ. ಜೂನ್ ಹೊತ್ತಿಗೆ ಆಗ್ನೇಯದಿಂದ ಬಿರುಸಾದ ಗಾಳಿ ಎದ್ದು ನೀರನ್ನು ಕಲಕಿಬಿಡುತ್ತದೆ. ಆ ಗಾಳಿ ಎಲ್ಲಿಗೆ ಹೋಗುತ್ತದೆ ಗೊತ್ತೇ? ಸಮಭಾಜಕ ವೃತ್ತ ದಾಟಿ, ಆಫ್ರಿಕಾದ ಕರಾವಳಿಯ ಪಕ್ಕದಲ್ಲಿ ಬಲಕ್ಕೆ ತಿರುಗಿ, ಅರಬ್ಬಿ ಸಮುದ್ರದ ನೀರನ್ನು ಹೊತ್ತು ನೈಋತ್ಯ ಮಾರುತವಾಗಿ ನಮ್ಮ ಘಟ್ಟಕ್ಕೆ ಬಡಿಯುತ್ತದೆ. ಆಗುಂಬೆಯಲ್ಲಿ ಮಳೆ ಹಿಡಿದ ದಿನಗಳಲ್ಲಿ ಸೇಂಟ್ ಫ್ರಾನ್ಸ್ವಾದ ಬೋನ್‌ಫಿಶ್‌ಗೆ ಬಿಡುವು. ನಮ್ಮ ಕರಾವಳಿಯಲ್ಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿದೆ. ಎರಡು ಕಡಲ ಮೀನುಗಳಿಗೆ ಒಂದೇ ಗಾಳಿ ರಜೆ ಕೊಡುತ್ತದೆ ಎಂದು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಸಲಕರಣೆಯ ವಿಷಯ ಬೇಗ ಮುಗಿಸುತ್ತೇನೆ. ಸಾಧಾರಣ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದೊಯ್ಯುತ್ತದೆ. ಫ್ಲೈ ಪದ್ಧತಿಯಲ್ಲಿ ತೂಕ ಇರುವುದು ಲೈನ್‌ನಲ್ಲೇ. ತುದಿಯ ಫ್ಲೈ ಅದರ ಬೆನ್ನು ಹಿಡಿದು ಹೋಗುತ್ತದೆ. 9 ಅಡಿಯ 8ನೇ ನಂಬರಿನ ರಾಡ್, ತೇಲುವ ಲೈನ್, ಅದರ ಹಿಂದೆ ರೀಲಿನಲ್ಲಿ ಸುಮಾರು 180 ಮೀಟರ್ ತೆಳು ದಾರ, ಮುಂದೆ 9ರಿಂದ 12 ಅಡಿಯ ಕಣ್ಣಿಗೆ ಕಾಣದ ತುದಿದಾರ, ಅಂದರೆ ಲೀಡರ್. ಫ್ಲೈ ಎಂದರೆ ನೊಣವಿರಬೇಕಾಗಿಲ್ಲ. ಇಲ್ಲಿ ಅದು ಸಿಗಡಿಯ ಅಥವಾ ಏಡಿಯ ರೂಪ. 1970ರ ದಶಕದಲ್ಲಿ ಬಹಾಮಾಸ್‌ನ ಆಂಡ್ರೋಸ್ ದ್ವೀಪದ ಗೈಡ್ ಚಾರ್ಲಿ ಸ್ಮಿತ್ ಅವರ ಹೆಸರಿನಲ್ಲಿ ಹುಟ್ಟಿದ ಕ್ರೇಜಿ ಚಾರ್ಲಿ ಇಂದಿಗೂ ಎಲ್ಲರ ಡಬ್ಬಿಯಲ್ಲಿದೆ. ಅದರ ಕಣ್ಣು ಎರಡು ಪುಟ್ಟ ಲೋಹದ ಮಣಿಗಳು. ಆ ತೂಕಕ್ಕೆ ಗಾಳದ ಮೊನೆ ಮೇಲ್ಮುಖವಾಗಿ ತಿರುಗಿಕೊಳ್ಳುವುದರಿಂದ ಕಡಲಹುಲ್ಲಿಗೆ ಸಿಕ್ಕಿಕೊಳ್ಳುವುದಿಲ್ಲ. ಅರ್ಧ ಅಡಿ ನೀರಿದ್ದರೆ ಹಗುರ ಕಣ್ಣು, ಎರಡು ಅಡಿ ಇದ್ದರೆ ಭಾರದ ಕಣ್ಣು. ಪೋಲರಾಯ್ಡ್ ಕನ್ನಡಕ ಮಾತ್ರ ಬಿಡುವಂತಿಲ್ಲ. ರಾಡ್ ಅಗ್ಗದ್ದಾದರೂ ನಡೆಯುತ್ತದೆ, ಕನ್ನಡಕ ಒಳ್ಳೆಯದಿರಲಿ.

ಈಗ ನೀರಿಗೆ ಇಳಿಯೋಣ. ಕಾಲನ್ನು ಎತ್ತಿ ಇಡಬೇಡಿ, ಮರಳಿನ ಮೇಲೆ ಎಳೆಯುತ್ತ ನಡೆಯಿರಿ. ತಳದಲ್ಲಿ ಹುದುಗಿ ಮಲಗಿದ ತೊರಕೆ ಮೀನು ಆ ಸದ್ದಿಗೆ ಎದ್ದು ಹೋಗುತ್ತದೆ. ಅದರ ಬಾಲದ ಮುಳ್ಳು ತುಳಿದರೆ ಅಂದಿನ ದಿನ ಆಸ್ಪತ್ರೆಯಲ್ಲಿ ಕಳೆಯುತ್ತದೆ. ಗೈಡ್ ನಿಮ್ಮ ಪಕ್ಕದಲ್ಲಿದ್ದಾರೆ. ಅವರು ದಿಕ್ಕು ಹೇಳುವುದು ಗಡಿಯಾರದ ಲೆಕ್ಕದಲ್ಲಿ. ದೋಣಿಯಲ್ಲಿದ್ದರೆ ಮೂತಿ 12 ಗಂಟೆ, ಎಡಗಡೆ 9. "10 ಗಂಟೆ, 40 ಅಡಿ, ಬಲಕ್ಕೆ ಬರುತ್ತಿದೆ" ಎನ್ನುತ್ತಾರೆ. ನೀವು ನೋಡುತ್ತೀರಿ, ಏನೂ ಇಲ್ಲ. ಇನ್ನೂ ನೋಡುತ್ತೀರಿ. ಮೊದಲು ಕಾಣುವುದು ಮೀನಲ್ಲ, ಮರಳಿನ ಮೇಲೆ ಜಾರುವ ಅದರ ನೆರಳು. ಕೆಲವೊಮ್ಮೆ ಸುತ್ತಲಿನ ತೆರೆಗಳಿಗೆ ಎದುರಾಗಿ ನಡುಗುವ ಒಂದು ತುಂಡು ನೀರು. ಎಲ್ಲಕ್ಕಿಂತ ಸೊಗಸು ಬಾಲ: ಮೂತಿಯನ್ನು ಮಣ್ಣಿಗೆ ಚುಚ್ಚಿ ಏಡಿ ಅಗೆಯುವಾಗ ಕವಲು ಬಾಲದ ಮೇಲಿನ ತುದಿ ನೀರಿನಿಂದ ಹೊರಗೆ ಬಂದು ಬಿಸಿಲಿಗೆ ಹೊಳೆಯುತ್ತದೆ, ಒಂದು ಕ್ಷಣ ತೂಗುತ್ತದೆ, ಮುಳುಗುತ್ತದೆ.

ಫ್ಲೈ ಬೀಳಬೇಕಾದ್ದು ಅದರ ಹಾದಿಯಲ್ಲಿ, ಒಂದೆರಡು ಮೀಟರ್ ಮುಂದೆ. ತಲೆಯ ಮೇಲೆ ಬಿದ್ದರೆ ಇಡೀ ಗುಂಪು ಸಿಡಿದು ಚದುರುತ್ತದೆ, ಹಿಂದೆ ಬಿದ್ದರೆ ಮೀನಿಗೆ ಕಾಣುವುದೇ ಇಲ್ಲ. ತಳ ಮುಟ್ಟಲು ಬಿಡಿ. ಮೀನು ಹತ್ತಿರವಾದಾಗ ಎಡಗೈಯಲ್ಲಿ ಲೈನನ್ನು ಒಂದು ಗೇಣು ಎಳೆಯಿರಿ. ಮರಳಿನ ಒಂದು ಚಿಟಿಕೆ ಹೊಗೆ ಏಳುತ್ತದೆ, ಸಿಗಡಿ ಓಡಿದ ಹಾಗೆ ಕಾಣುತ್ತದೆ. ಮೀನು ತಿರುಗಿದರೆ ಉಸಿರು ಬಿಗಿ ಹಿಡಿದು ಇನ್ನೊಂದು ಎಳೆತ. ಅದು ವೇಗ ಹೆಚ್ಚಿಸಿ ಫ್ಲೈ ಮೇಲೆ ಬಗ್ಗುತ್ತದೆ. ಕೆರೆಯಲ್ಲಿ, ಹೊಳೆಯಲ್ಲಿ ಗಾಳ ಹಾಕಿ ಬೆಳೆದ ಕೈಗೆ ತಟ್ಟನೆ ಕೋಲು ಮೇಲೆತ್ತುವ ಚಾಳಿ. ಇಲ್ಲಿ ಎತ್ತಿದರೆ ಫ್ಲೈ ಬಾಯಿಂದ ಹೊರಗೆ ಬಂದುಬಿಡುತ್ತದೆ. ರಾಡ್ ತುದಿಯನ್ನು ನೀರಿನತ್ತ ತಗ್ಗಿಸಿ ಹಿಡಿದೇ ಲೈನನ್ನು ಉದ್ದವಾಗಿ ಎಳೆಯಬೇಕು. ತೂಕ ತಾಕಿದ ಮೇಲೆ ಎತ್ತಿ. ಕಾಲ ಬಳಿ ಬಿದ್ದಿದ್ದ ಲೈನ್ ಸುರುಳಿಯೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗಿ ರೀಲ್ ಕಿರುಚತೊಡಗುತ್ತದೆ. ಎರಡು ಕಿಲೋ ಮೀನೊಂದು ಒಂದೇ ಓಟಕ್ಕೆ ಇಷ್ಟು ದೂರ ಹೋಗಬಲ್ಲದು ಎಂಬುದನ್ನು ನೋಡದೆ ನಂಬುವುದು ಕಷ್ಟ.

ಹೀಗೆ ಹಿಡಿಯುವುದು ಎಷ್ಟು ರೋಮಾಂಚನವೋ, ಬಿಡುವುದು ಅಷ್ಟೇ ಜಾಗ್ರತೆಯ ಕೆಲಸ. ಬಹಾಮಾಸ್‌ನ ಎಲೂಥೆರಾ ದ್ವೀಪದಲ್ಲಿ ನಡೆದ ಅಧ್ಯಯನಗಳು ತೋರಿಸಿದ ಸಂಗತಿ ಇದು: ಬಿಟ್ಟ ಬೋನ್‌ಫಿಶ್ ಸಾಯುವುದು ಬಹುತೇಕ ಗಾಳದ ಗಾಯದಿಂದಲ್ಲ, ಬಿಟ್ಟ ಕೆಲವೇ ನಿಮಿಷಗಳಲ್ಲಿ ಲೆಮನ್ ಶಾರ್ಕ್, ಬರಾಕುಡಾಗಳ ಬಾಯಿಗೆ ಬಿದ್ದು. ದಣಿದು, ಗಾಳಿಗೆ ಒಡ್ಡಿಕೊಂಡು, ನೀರಿನಲ್ಲಿ ನೆಟ್ಟಗೆ ನಿಲ್ಲಲಾರದೆ ವಾಲುವ ಮೀನು ಅವುಗಳಿಗೆ ಸುಲಭದ ತುತ್ತು. ಆದ್ದರಿಂದ ಮೊನೆಯ ಬಳಿ ಹಿಮ್ಮುಖದ ಮುಳ್ಳಿಲ್ಲದ ಗಾಳ ಬಳಸಿ. ಹೆಚ್ಚು ಆಡಿಸದೆ ಬೇಗ ಹತ್ತಿರ ತನ್ನಿ. ಒದ್ದೆ ಕೈಯಲ್ಲಿ, ನೀರಿನೊಳಗೇ ಹಿಡಿದು, ಅಲ್ಲೇ ಗಾಳ ಬಿಡಿಸಿ. ಫೋಟೋಗಾಗಿ ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ನಗುವ ಪದ್ಧತಿಯನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಶಾರ್ಕ್ ಸುಳಿಯುತ್ತಿದ್ದರೆ ಅಂದು ಆ ಫ್ಲಾಟ್ಸ್ ಬಿಟ್ಟು ಬೇರೆಡೆ ನಡೆಯಿರಿ.

ಗಾಳ ಹಾಕಬಾರದ ಇನ್ನೊಂದು ಹೊತ್ತಿದೆ. ಬಹಾಮಾಸ್‌ನಲ್ಲಿ ಅಕ್ಟೋಬರ್‌ನಿಂದ ಬೇಸಿಗೆಯ ಮೊದಲ ತಿಂಗಳುಗಳವರೆಗೆ, ಹುಣ್ಣಿಮೆ ಅಮಾವಾಸ್ಯೆಗಳ ಸುತ್ತ, ದೊಡ್ಡ ಮೀನುಗಳು ಫ್ಲಾಟ್ಸ್ ತೊರೆದು ಆಳ ಸಮುದ್ರದ ಅಂಚಿನ ಕೆಲವೇ ಜಾಗಗಳಿಗೆ ಪ್ರಯಾಣ ಬೆಳೆಸುತ್ತವೆ. ಅಲ್ಲಿ ಸಾವಿರಾರು ಸೇರಿ ಸುತ್ತುತ್ತವೆ. ಮೇಲಕ್ಕೆ ಬಂದು ಗಾಳಿ ಗುಟುಕರಿಸುತ್ತವೆ. ಕತ್ತಲಾಗುತ್ತಿದ್ದಂತೆ ದಿಬ್ಬದಾಚೆಯ ಕಡಲಿಗೆ ಹೊರಡುತ್ತವೆ. ಅಬಾಕೊ ದ್ವೀಪದ ಬಳಿ ಸಂಶೋಧಕರು ಟ್ಯಾಗ್ ಹಾಕಿದ ಮೀನುಗಳನ್ನು ರಾತ್ರಿಯಿಡೀ ಹಿಂಬಾಲಿಸಿದಾಗ, ಅವು 100 ಮೀಟರಿಗೂ ಹೆಚ್ಚು ಆಳಕ್ಕೆ ಧುಮುಕಿ, ಮೇಲೇರುತ್ತ ಮೊಟ್ಟೆಯಿಡುತ್ತವೆಂದು ಅರಿವಾಯಿತು. ಹಗಲು ಅರ್ಧ ಅಡಿ ನೀರಿನಲ್ಲಿ ಬಾಲ ತೋರಿಸುವ ಅದೇ ಮೀನು! ಮರಿಗಳು ಗಾಜಿನಂಥ ಪಾರದರ್ಶಕ ಪಟ್ಟಿಗಳಾಗಿ ಸುಮಾರು 41ರಿಂದ 71 ದಿನ ಪ್ರವಾಹದಲ್ಲಿ ತೇಲುತ್ತವೆ. ದಡದ ಹತ್ತಿರ ಬಂದು ಮೀನಿನ ಆಕಾರ ತಾಳುವಾಗ ಅವು ಬೆಳೆಯುವುದಿಲ್ಲ, ಕುಗ್ಗುತ್ತವೆ. ಆಮೇಲೆ ಮತ್ತೆ ಬೆಳೆಯತೊಡಗುತ್ತವೆ. ಹಾವುಮೀನುಗಳ ಬಳಗದಲ್ಲೂ ಇದೇ ಕ್ರಮ. ಬೋನ್‌ಫಿಶ್ ಅವುಗಳ ದೂರದ ಬಂಧು. ಆ ಒಟ್ಟುಗೂಡುವ ಜಾಗದಲ್ಲಿ ಒಂದು ಬಲೆ ಬೀಸಿದರೆ ಎಷ್ಟೋ ಫ್ಲಾಟ್ಸ್‌ನ ಮೀನು ಒಮ್ಮೆಲೇ ಬರಿದಾಗುತ್ತದೆ. ಕೌಶಲದ ಹೆಸರಿನಲ್ಲಿ ಅಲ್ಲಿ ಫ್ಲೈ ಎಸೆಯುವುದನ್ನೂ ನಾನು ಒಪ್ಪುವುದಿಲ್ಲ. ಅಲ್ಲಿ ಕೌಶಲಕ್ಕೆ ಕೆಲಸವಿಲ್ಲ.

ಈ ಮೀನಿನ ಬೆಲೆಯನ್ನು ಕೆಲವು ದೇಶಗಳು ಕಾನೂನಿನಲ್ಲೇ ಬರೆದಿವೆ. ಬಹಾಮಾಸ್‌ನಲ್ಲಿ ಬೋನ್‌ಫಿಶ್‌ಗೆ ಬಲೆ ಹಾಕುವುದು, ಅದನ್ನು ಕೊಳ್ಳುವುದು, ಮಾರುವುದು ಅಪರಾಧ. ಬೆಲೀಜ್ 2009ರಲ್ಲಿ ಬೋನ್‌ಫಿಶ್, ಟಾರ್ಪನ್, ಪರ್ಮಿಟ್ ಎಂಬ ಮೂರು ಮೀನುಗಳನ್ನೂ ಹಿಡಿದರೆ ಬಿಡಲೇಬೇಕೆಂದು ಕಾನೂನು ಮಾಡಿತು. ಫ್ಲಾರಿಡಾ 2013ರಲ್ಲಿ ಬೋನ್‌ಫಿಶ್‌ಗೆ ಅದೇ ನಿಯಮ ತಂದಿತು. ಬಹಾಮಾಸ್‌ನ ಫ್ಲಾಟ್ಸ್ ಮೀನುಗಾರಿಕೆಯಿಂದ ಅಲ್ಲಿನ ಆರ್ಥಿಕತೆಗೆ ವರ್ಷಕ್ಕೆ ಸುಮಾರು 14 ಕೋಟಿ ಡಾಲರ್ ಬರುತ್ತದೆಂದು 2010ರ ಅಂದಾಜು ಹೇಳಿತ್ತು. ಅದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಹೊರಗಿನ ದ್ವೀಪಗಳ ಗೈಡ್‌ಗಳ ಬದುಕು. ಸುಣ್ಣಕಲ್ಲಿನ ನೆಲದಲ್ಲಿ ಬೇಸಾಯಕ್ಕೆ ಅವಕಾಶ ಕಡಿಮೆ, ಉದ್ಯೋಗಕ್ಕೆ ರಾಜಧಾನಿಗೆ ಹೋಗಬೇಕು. ನೀರನ್ನು ಓದಬಲ್ಲ ಕಣ್ಣಿದ್ದವರು ಮಾತ್ರ ಊರಿನಲ್ಲೇ ಉಳಿದು ಮನೆ ನಡೆಸುತ್ತಾರೆ. 2019ರ ಸೆಪ್ಟೆಂಬರ್‌ನಲ್ಲಿ ಡೋರಿಯನ್ ಚಂಡಮಾರುತ ಅಬಾಕೊ, ಗ್ರ್ಯಾಂಡ್ ಬಹಾಮಾ ದ್ವೀಪಗಳ ಮೇಲೆ ಕುಳಿತು ಕಾಂಡ್ಲಾ ಕಾಡನ್ನು ನೆಲಸಮ ಮಾಡಿದಾಗ, ಸಸಿ ನೆಡಲು ಕೆಸರಿಗೆ ಇಳಿದವರಲ್ಲಿ ಗೈಡ್‌ಗಳೂ ಇದ್ದರು.

ಬೆಂಗಳೂರಿನವರಾದ ನಾವು ಗಮನಿಸಬೇಕಾದ ಇನ್ನೊಂದು ವಿಷಯ. 2022ರಲ್ಲಿ ಹೊರಬಂದ ಅಧ್ಯಯನವೊಂದರಲ್ಲಿ ದಕ್ಷಿಣ ಫ್ಲಾರಿಡಾದ 93 ಬೋನ್‌ಫಿಶ್‌ಗಳನ್ನು ಪರೀಕ್ಷಿಸಿದಾಗ ಸರಾಸರಿ ಒಂದೊಂದು ಮೀನಿನಲ್ಲಿ 7 ಬಗೆಯ ಔಷಧ ಸಿಕ್ಕಿತು, ಒಂದರಲ್ಲಂತೂ 17. ರಕ್ತದೊತ್ತಡದ ಮಾತ್ರೆ, ಖಿನ್ನತೆಯ ಮಾತ್ರೆ, ಎಲ್ಲವೂ ಜನರು ನುಂಗಿ, ಕೊಳಚೆ ನೀರಿನ ಮೂಲಕ ಕಡಲಿಗೆ ಸೇರಿದಂಥವು. ಸಂಸ್ಕರಣಾ ಘಟಕಗಳು ಇವನ್ನು ತೆಗೆಯಲೆಂದು ಕಟ್ಟಿದವಲ್ಲ. ಬೆಳ್ಳಂದೂರು ಕೆರೆಯ ನೊರೆ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಸುದ್ದಿಯಾಯಿತು. ಕಾಣದ್ದು ಅದೇ ನೀರಿನಲ್ಲಿ ಕೆಳಗೆ ಹರಿದು ಯಾವ ಮೀನಿನ ರಕ್ತ ಸೇರುತ್ತದೆ ಎಂದು ನಾವು ಕೇಳಬೇಕು.

ಪ್ರಶ್ನೋತ್ತರದಲ್ಲಿ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು, "ಬಿಡುವುದಾದರೆ ಹಿಡಿಯುವುದು ಏಕೆ ಸ್ವಾಮಿ? ಆ ಜೀವಕ್ಕೆ ನೋವಾಗುವುದಿಲ್ಲವೇ?" ಎಂದರು. ಇದು ನ್ಯಾಯವಾದ ಪ್ರಶ್ನೆ. ನೋವಿಲ್ಲ ಎಂದು ನಾನು ವಾದಿಸಲಾರೆ. ಪ್ರಾಣಭಯದಿಂದ ಓಡುವ ಮೀನು ಸುಖವಾಗಿದೆ ಎನ್ನಲು ಯಾರಿಗೂ ಬಾಯಿ ಬರಬಾರದು. ಇದನ್ನು ಪಾಪವೆಂದು ದೂರ ಇರುವವರಿಗೆ ನನ್ನ ಪೂರ್ಣ ಗೌರವವಿದೆ. ನಾನು ಕಂಡದ್ದನ್ನು ಮಾತ್ರ ಹೇಳಬಲ್ಲೆ. ನಮ್ಮ ಕಾವೇರಿಯನ್ನೇ ತೆಗೆದುಕೊಳ್ಳಿ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಆಮೇಲೆ ಡೈನಮೈಟ್, ಅಣೆಕಟ್ಟು, ಮರಳು ಗಣಿಗಾರಿಕೆ ಎಲ್ಲವೂ ಬಂದವು. ಗಾಲಿಬೋರೆ, ಭೀಮೇಶ್ವರಿಗಳಲ್ಲಿ ರಾಗಿ ಹಿಟ್ಟಿನ ಉಂಡೆ ಕಟ್ಟಿ ಮಹಶೀರ್ ಹಿಡಿದು ಬಿಡುತ್ತಿದ್ದ ಕಾಲದಲ್ಲಿ ಆ ಹೊಳೆಯ ದಡಕ್ಕೆ ಕಾವಲಿತ್ತು. ಮೊದಲು ಕದ್ದು ಹಿಡಿಯುತ್ತಿದ್ದ ಕೆಲವರೇ ಆಮೇಲೆ ಸಂಬಳದ ಕಾವಲುಗಾರರಾದರು. ಕಾನೂನಿನಿಂದಾಗಿ ಅಭಯಾರಣ್ಯದೊಳಗೆ ಗಾಳ ನಿಂತ ಮೇಲೆ ಆ ಕಣ್ಣುಗಳೂ ಕಡಿಮೆಯಾದವು. 2018ರಲ್ಲಿ ಕಾವೇರಿಯ ಗೂನುಬೆನ್ನಿನ ಮಹಶೀರ್‌ಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾಯಿತು, ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದ ಪಟ್ಟಿಗೂ ಸೇರಿತು. ಕಾನೂನಿನ ಉದ್ದೇಶ ಒಳ್ಳೆಯದು ಎಂದೇ ನಂಬುತ್ತೇನೆ. ಆದರೂ ಮೀನಿನ ಮೇಲೆ ಪ್ರೀತಿಯಿಟ್ಟು ದಿನವೂ ದಡದಲ್ಲಿ ನಿಲ್ಲುವ ಜನರನ್ನು ಕಳೆದುಕೊಂಡರೆ ಅವರ ಜಾಗ ತುಂಬುವವರು ಯಾರು ಎಂಬ ಚಿಂತೆ ನನ್ನನ್ನು ಬಿಟ್ಟಿಲ್ಲ. ಆ ಹಿರಿಯರು ತಲೆದೂಗಿದರು. ಒಪ್ಪಿದರೆಂದು ನಾನು ಹೇಳಿಕೊಳ್ಳುವುದಿಲ್ಲ.

ಕಾಲೇಜು ಓದುತ್ತಿರುವ ಹುಡುಗಿಯೊಬ್ಬಳು, "ಸಾರ್, ಬೆಂಗಳೂರಿನಲ್ಲಿದ್ದುಕೊಂಡು ಇದನ್ನು ಕಲಿಯಲು ಸಾಧ್ಯವೇ?" ಎಂದು ಕೇಳಿದಳು. ಧಾರಾಳವಾಗಿ ಸಾಧ್ಯವಮ್ಮ. ಎಸೆತಕ್ಕೆ ನೀರೇ ಬೇಕಾಗಿಲ್ಲ. ಬಡಾವಣೆಯ ಆಟದ ಮೈದಾನ ಬೆಳಿಗ್ಗೆ 6ಕ್ಕೆ ಖಾಲಿಯಿರುತ್ತದೆ. ಲೀಡರ್ ತುದಿಗೆ ಗಾಳದ ಬದಲು ಕೆಂಪು ಉಣ್ಣೆಯ ಚೂರು ಕಟ್ಟಿ. 40 ಅಡಿ ದೂರದಲ್ಲಿ ಒಂದು ತಟ್ಟೆ ಇಡಿ. ತಟ್ಟೆಗೆ ಬೀಳುವಂತಾದ ಮೇಲೆ ಗಾಳಿಗೆ ಎದುರಾಗಿ ನಿಂತು ಎಸೆಯಿರಿ, ಏಕೆಂದರೆ ಕಡಲಿನಲ್ಲಿ ಗಾಳಿ ಇರದ ದಿನ ಅಪರೂಪ. ಹೆಚ್ಚು ಬಾರಿ ಬೀಸಾಡಬೇಡಿ. ಎರಡೇ ಬೀಸಿನಲ್ಲಿ ಲೈನ್ ಹೊರಗೆ ಹೋಗಬೇಕು, ಮೀನು ಕಾಯುವುದಿಲ್ಲ. ಸಂಜೆ ಹೊತ್ತು ಮೊಬೈಲಿನಲ್ಲಿ ಕಾರವಾರದ ಉಬ್ಬರದ ಪಟ್ಟಿ ತೆರೆದು ತಿಥಿಯ ಜೊತೆ ಹೊಂದಿಸಿ ನೋಡುತ್ತಾ ಬನ್ನಿ, ಕೆಲವು ತಿಂಗಳಲ್ಲಿ ಪಟ್ಟಿ ನೋಡದೆಯೇ ಹೇಳುವಂತಾಗುತ್ತದೆ. ಮತ್ತೆ, ಉಣ್ಣೆ ತಾನೇ ಎಂದು ಅಲಕ್ಷ್ಯ ಮಾಡಬೇಡಿ: ಟೋಪಿ, ಕನ್ನಡಕ ಹಾಕದೆ ಒಂದು ಎಸೆತವೂ ಬೇಡ, ಹಿಂದೆ ವಾಕಿಂಗ್ ಬರುವವರು ಇದ್ದಾರೆಯೇ ಎಂದು ಪ್ರತಿ ಸಲ ತಿರುಗಿ ನೋಡಿ.